ಕೋಚಿಂಗ್‌ಗೆ ಮೊದಲು ಟೇಪು: ನಮ್ಮ ಕಡೆಯ ಮಕ್ಕಳು ವಾಯುಪಡೆ ಪೈಲಟ್ ಆಗುವ ದಾರಿ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗೆ ಯಾರಾದರೂ ಅಪ್ಪ-ಅಮ್ಮ ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದೇ ಬರುತ್ತಾರೆ. "ಸರ್, ಇವನಿಗೆ ಫೈಟರ್ ಪೈಲಟ್ ಆಗಬೇಕಂತೆ. ಯಾವ ಕೋಚಿಂಗ್‌ಗೆ ಸೇರಿಸೋಣ?" ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವವನು. ಬಂದವರಿಗೆ ಕಾಫಿ ಕೊಟ್ಟು ಕೂರಿಸಿ, ಒಳಗೆ ಹೋಗಿ ಟೈಲರ್ ಟೇಪು ತರುತ್ತೇನೆ. ಕೋಚಿಂಗ್ ಮಾತು ಆಮೇಲೆ.

ಇದಕ್ಕೆ ಕಾರಣ ಸಕಲೇಶಪುರ ಕಡೆಯ ಒಬ್ಬ ಹುಡುಗ. ಲೆಕ್ಕದಲ್ಲಿ ಚುರುಕು, ಓಟದಲ್ಲೂ ಚುರುಕು. ಪಿಯುಸಿ ಆದ ಮೇಲೆ ಒಂದು ವರ್ಷ ಕೋಚಿಂಗ್ ಸೆಂಟರ್‌ನಲ್ಲಿದ್ದ. ಮನೆಯವರು ಮೆಣಸು ಮಾರಿದ ದುಡ್ಡನ್ನು ಅದಕ್ಕೆ ಕಟ್ಟಿದ್ದರು. ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆ ಪಾಸಾದ. ಐದು ದಿನದ ಆಯ್ಕೆಯನ್ನೂ ದಾಟಿದ. ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಒಳಗಿರುವ ಅಂಕಿ ಓದು ಅಂದರು. ಅವನಿಗೆ ಅಂಕಿಯೇ ಕಾಣಲಿಲ್ಲ. ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣು ಅವನದು. ಅವನಮ್ಮ ಆಮೇಲೆ ಒಂದು ಮಾತು ಹೇಳಿದರು: "ಚಿಕ್ಕವನಿದ್ದಾಗ ಕಾಫಿ ಹಣ್ಣು ಕೀಳೋಕೆ ಕಳಿಸಿದ್ರೆ ಹಸಿರು ಕಾಯನ್ನೂ ಸೇರಿಸಿ ತರ್ತಿದ್ದ ಸರ್. ಗಮನ ಇಲ್ಲ ಅಂತ ಬೈತಿದ್ವಿ." ಕೋಚಿಂಗ್‌ನವರು ಒಂದು ವರ್ಷದಲ್ಲಿ ಒಂದು ದಿನವೂ ಕಣ್ಣಿನ ವಿಷಯ ಕೇಳಿರಲಿಲ್ಲ. ಎರಡು ವರ್ಷ ಪಾಠ ಮಾಡಿದ ನಾನೂ ಕೇಳಿರಲಿಲ್ಲ.

ಅವತ್ತಿನಿಂದ ನಾನು ಹೇಳುವ ವರಸೆ ಇದು. ಮೊದಲು ಅಳತೆ, ಆಮೇಲೆ ಕಣ್ಣು, ಆಮೇಲೆ ಪುಸ್ತಕ, ಕೊನೆಗೆ ಬೇಕಾದರೆ ಕೋಚಿಂಗ್.

ಮನೆಯ ಗೋಡೆಗೆ ಒರಗಿ ಕೂರಿಸಿ

ಪೈಲಟ್‌ಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಇದು ಎಲ್ಲರಿಗೂ ಗೊತ್ತು. ಇನ್ನೂ ಮೂರು ಅಳತೆ ಇವೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಮಗುವನ್ನು ನೆಲದ ಮೇಲೆ ಗೋಡೆಗೆ ಬೆನ್ನು, ಸೊಂಟ ಎರಡೂ ತಾಗುವಂತೆ ಕೂರಿಸಿ. ಕಾಲು ನೇರ ಚಾಚಲಿ. ಗೋಡೆಯಿಂದ ಹಿಮ್ಮಡಿಯವರೆಗೆ ಅಳೆಯಿರಿ. ಇದು ಕಾಲಿನ ಉದ್ದ, 99ರಿಂದ 120 ಸೆಂ.ಮೀ. ಒಳಗೆ ಬರಬೇಕು. ಈಗ ಗೋಡೆಗೆ ಒಂದು ಗಟ್ಟಿ ಬೆಂಚು ಒತ್ತಿ ಹಾಕಿ, ಅದೇ ರೀತಿ ಬೆನ್ನು ತಾಗಿಸಿ ಕೂರಿಸಿ, ಮಂಡಿ ಮಡಿಸಲಿ. ಗೋಡೆಯಿಂದ ಮಂಡಿಯ ಮುಂಭಾಗದವರೆಗೆ ತೊಡೆಯ ಉದ್ದ. ಇದು 64 ಸೆಂ.ಮೀ. ದಾಟಬಾರದು. ಕೊನೆಯದು ಕೂತ ಎತ್ತರ. ಬೆಂಚಿನಿಂದ ನೆತ್ತಿಯವರೆಗೆ 81.5ರಿಂದ 96 ಸೆಂ.ಮೀ. ನೆತ್ತಿಯ ಮೇಲೆ ಒಂದು ರಟ್ಟಿನ ಪುಸ್ತಕ ಅಡ್ಡ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ ಹಾಕಿದರೆ ಅಳತೆ ತಪ್ಪುವುದಿಲ್ಲ. ಕೂದಲನ್ನು ಒತ್ತಿ ಇಡಿ. ಅಂಚಿನಲ್ಲಿದ್ದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ದಿನವಿಡೀ ನಿಂತು ಓಡಾಡಿದ ಮೇಲೆ ಬೆನ್ನುಮೂಳೆ ಸ್ವಲ್ಪ ಕುಗ್ಗಿರುತ್ತದೆ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ಈ ಅಂಕಿಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.

ತೊಡೆಗೂ ವಿಮಾನಕ್ಕೂ ಏನು ಸಂಬಂಧ? ಫೈಟರ್ ವಿಮಾನದ ಸೀಟು ಬರೀ ಕೂರುವ ಜಾಗವಲ್ಲ. ವಿಮಾನ ಕೈಬಿಟ್ಟಾಗ ಪೈಲಟ್ ಒಂದು ಹಿಡಿ ಎಳೆಯುತ್ತಾನೆ. ಸೀಟಿನ ಕೆಳಗಿನ ಸಿಡಿಮದ್ದು ಮತ್ತು ರಾಕೆಟ್ ಅವನನ್ನು ಸೀಟಿನ ಸಮೇತ ಮೇಲಕ್ಕೆ ಎಸೆಯುತ್ತವೆ. ಹಾಕ್, ತೇಜಸ್ ವಿಮಾನಗಳಲ್ಲಿ ಇರುವ ಮಾರ್ಟಿನ್-ಬೇಕರ್ ಸೀಟು ರನ್‌ವೇ ಮೇಲೆ ವಿಮಾನ ನಿಂತಿದ್ದರೂ ಪೈಲಟ್‌ನನ್ನು ಪ್ಯಾರಾಚೂಟ್ ಬಿಚ್ಚುವಷ್ಟು ಎತ್ತರಕ್ಕೆ ಒಯ್ಯುತ್ತದೆ. ಹಾಗೆ ಹೊರಗೆ ಹೋಗುವಾಗ ಮಂಡಿ ಎದುರಿನ ಫಲಕಕ್ಕೆ ಹೊಡೆದರೆ ಕಾಲೇ ಹೋಗಬಹುದು. ಕಾಲು ಅತ್ತಿತ್ತ ಬೀಸಬಾರದು ಅಂತಲೇ ಪೈಲಟ್‌ಗಳು ಮಂಡಿಯ ಕೆಳಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಸೀಟು ಹಾರಿದ ಕ್ಷಣ ಆ ಪಟ್ಟಿಯೇ ಕಾಲನ್ನು ಸೀಟಿಗೆ ಎಳೆದು ಹಿಡಿಯುತ್ತದೆ. ಕೂತ ಎತ್ತರ ಜಾಸ್ತಿಯಾದರೆ ಹೆಲ್ಮೆಟ್ ಮೇಲಿನ ಗಾಜಿಗೆ ತಾಗುತ್ತದೆ, ಕಡಿಮೆಯಾದರೆ ವಿಮಾನದ ಮೂಗಿನಾಚೆಯ ರನ್‌ವೇ ಕಾಣುವುದಿಲ್ಲ. ಕಾಲು ಗಿಡ್ಡವಾದರೆ ವಿಮಾನದ ಮೂಗನ್ನು ಎಡ-ಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಎಟುಕುವುದಿಲ್ಲ. ಮೆಡಿಕಲ್‌ನಲ್ಲಿ ಬೆನ್ನುಮೂಳೆಯ ಎಕ್ಸ್-ರೇ ತೆಗೆಯುವುದೂ ಈ ಸೀಟಿನ ಕಾರಣಕ್ಕೇ. ಆ ಒದೆತವನ್ನು ತಡೆಯಬೇಕಾದ್ದು ಬೆನ್ನು.

ಹದಿನಾಲ್ಕು-ಹದಿನೈದರ ಮಕ್ಕಳು ಇನ್ನೂ ಬೆಳೆಯುತ್ತಿರುತ್ತಾರೆ. ಒಂದು ಅಳತೆ ಕಡಿಮೆ ಬಂತು ಅಂತ ಅವತ್ತೇ ಕೈಬಿಡಬೇಡಿ. ಆರು ತಿಂಗಳಿಗೊಮ್ಮೆ ಅದೇ ಗೋಡೆಯ ಮೇಲೆ ಗೆರೆ ಹಾಕಿ. ತೊಡೆ 64 ದಾಟಿದ್ದರೆ ಮಾತ್ರ ಅದು ಚಿಕ್ಕದಾಗುವುದಿಲ್ಲ. ಆಗ ಬೇರೆ ದಾರಿ ನೋಡಬೇಕು.

ಕಣ್ಣು, ಕಿವಿ

ಹಾಸನದ ಹಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ, ನಿಮ್ಮೂರಿನ ಕಣ್ಣಿನ ಡಾಕ್ಟರ್ ಹತ್ತಿರವೋ ಹೋಗಿ ಎರಡು ವಿಷಯ ಕೇಳಿ. ಒಂದು, ದೂರದ ನೋಟ. ಒಂದು ಕಣ್ಣು 6/6, ಇನ್ನೊಂದು 6/9ರವರೆಗೆ ನಡೆಯುತ್ತದೆ. ಆದರೆ ಆ 6/9 ಕೂಡ ಪ್ಲಸ್ ನಂಬರಿನಿಂದ ಸರಿಹೋಗುವಂಥದ್ದಾಗಿರಬೇಕು. ಬೋರ್ಡಿನ ಅಕ್ಷರ ಕಾಣದೆ ಮೈನಸ್ ಕನ್ನಡಕ ಹಾಕುವ ಮಕ್ಕಳಿಗೆ ಪೈಲಟ್ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಲೇಸರ್ ಮಾಡಿಸಿಬಿಡೋಣ ಅಂತ ಓಡಬೇಡಿ. ಅದರ ನಿಯಮ ಒಂದೊಂದು ಪ್ರವೇಶಕ್ಕೆ ಒಂದೊಂದು ಥರ ಇದೆ. ಎರಡು, ಇಷಿಹಾರಾ ಅನ್ನುವ ಆ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಬಣ್ಣದ ಪರೀಕ್ಷೆ. ಐದು ನಿಮಿಷದ ಕೆಲಸ. ಏಳನೇ ಕ್ಲಾಸಿನಲ್ಲೇ ಮಾಡಿಸಬಹುದು. ಆ ಸಕಲೇಶಪುರದ ಹುಡುಗನಿಗೆ ಈ ಐದು ನಿಮಿಷ ಸಿಕ್ಕಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಕಿವಿಗೆ ನಮ್ಮ ಊರೇ ಪರೀಕ್ಷೆ ಕೊಡುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಅಲ್ವಾ? ಉಗುಳು ನುಂಗಿದರೆ, ಆಕಳಿಸಿದರೆ ಟಪ್ ಅಂತ ಬಿಡುತ್ತದೆ. ಬಸ್ಸು ಅರ್ಧ ಗಂಟೆ ಇಳಿಯುವ ಎತ್ತರವನ್ನು ಫೈಟರ್ ವಿಮಾನ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಹಾಗಾಗಿ ಕಿವಿಯ ತಮಟೆ ಸರಾಗವಾಗಿ ಅಲುಗುತ್ತದೆಯೇ ಅಂತ ಮೆಡಿಕಲ್‌ನಲ್ಲಿ ನೋಡುತ್ತಾರೆ. ಯಾವಾಗಲೂ ನೆಗಡಿ, ಕಿವಿ ಸೋರುವುದು, ಮೂಗಿನ ನಡುಗೋಡೆ ಡೊಂಕು ಇದ್ದರೆ ಮೊದಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಹಲ್ಲು ಹುಳುಕಿದ್ದರೆ ತುಂಬಿಸಿ. ಕಿವಿಯ ಗುಗ್ಗೆ ತೆಗೆಸಿ. ಹಚ್ಚೆ ಹಾಕಿಸುವ ಆಸೆ ಇದ್ದರೆ ಸದ್ಯಕ್ಕೆ ಬಿಟ್ಟುಬಿಡಿ.

ಯಾವ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ. ವಾಯುಪಡೆಗೆ ಹೋಗಲು ಲಕ್ಷಾಂತರ ಖರ್ಚು ಮಾಡಿ ಫ್ಲೈಯಿಂಗ್ ಸ್ಕೂಲಿನಲ್ಲಿ ಲೈಸೆನ್ಸ್ ಪಡೆದಿರಬೇಕಿಲ್ಲ. ಹಾರುವುದನ್ನು ಅವರೇ ಕಲಿಸುತ್ತಾರೆ, ಸರ್ಕಾರದ ಖರ್ಚಿನಲ್ಲಿ. ಅಗ್ನಿವೀರ್ ವಾಯು ನೇಮಕಾತಿ ಪೈಲಟ್ ನೇಮಕಾತಿಯಲ್ಲ. ಎರಡನ್ನೂ ಒಂದೇ ಅಂದುಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ. "ಒಳಗೆ ಜನ ಇದ್ದಾರೆ, ಮಾಡಿಸಿಕೊಡ್ತೀನಿ" ಅಂತ ಯಾರಾದರೂ ದುಡ್ಡು ಕೇಳಿದರೆ ಬಾಗಿಲು ತೋರಿಸಿ.

ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಗಣಿತ ಎರಡೂ ಇರಲೇಬೇಕು. ಎಸ್ಎಸ್ಎಲ್‌ಸಿ ಆದ ತಕ್ಷಣ ಆಗುವ ದೊಡ್ಡ ತಪ್ಪು ಇಲ್ಲೇ. ಡಾಕ್ಟರ್ ಆಸೆಗೆ ಗಣಿತ ಬಿಟ್ಟವರು ಎರಡು ವರ್ಷ ಆದ ಮೇಲೆ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಹತ್ತಿರದ ಬಾಗಿಲು ಎನ್‌ಡಿಎ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಬರೆಯಬಹುದು. ಗಣಿತಕ್ಕೆ 300 ಅಂಕ, ಜನರಲ್ ಎಬಿಲಿಟಿಗೆ 600. ಅದರಲ್ಲಿ ಇಂಗ್ಲಿಷ್‌ಗೇ 200. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಳೆಯುತ್ತಾರೆ. ಸುಮ್ನೆ ಗುಂಡು ಹಾರಿಸುವಂತಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ನನ್ನ ಒಂದೇ ಸಲಹೆ. 200 ಪುಟದ ಒಂದು ನೋಟ್‌ಬುಕ್ ಇಡಿ. ಎಡಕ್ಕೆ ವೇಗೋತ್ಕರ್ಷ, ಬಲಕ್ಕೆ ಆಕ್ಸಲರೇಶನ್. ಎಡಕ್ಕೆ ಸಂಭವನೀಯತೆ, ಬಲಕ್ಕೆ ಪ್ರಾಬಬಿಲಿಟಿ. ವಿಷಯ ಅವರಿಗೆ ಗೊತ್ತೇ ಇರುತ್ತದೆ, ಪ್ರಶ್ನೆಯಲ್ಲಿ ಅದನ್ನು ಗುರುತಿಸುವುದು ಕಷ್ಟ ಆಗುತ್ತದೆ ಅಷ್ಟೇ. ಅರ್ಜಿಯಲ್ಲಿ ವಾಯುಪಡೆ ಒಂದನ್ನೇ ಬರೆಯದೆ ಭೂಸೇನೆ, ನೌಕಾಪಡೆಗೂ ಕ್ರಮಾಂಕ ಕೊಡಿ. ಆ ಸಕಲೇಶಪುರದ ಹುಡುಗ ಒಂದನ್ನೇ ಬರೆದಿದ್ದ.

ಹೆಣ್ಣುಮಕ್ಕಳಿಗೂ ಎನ್‌ಡಿಎ ಈಗ ತೆರೆದಿದೆ. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2022ರಲ್ಲಿ ಮೊದಲ ತಂಡ ಸೇರಿತು. ಅದಕ್ಕೂ ಮೊದಲೇ, 2018ರ ಜೂನ್‌ನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ್ ಫೈಟರ್ ಪೈಲಟ್ ಸಾಲಿಗೆ ಸೇರಿದರು. ದೇಶಕ್ಕೆ ಆರನೆಯವರು, ದಕ್ಷಿಣ ಭಾರತಕ್ಕೆ ಮೊದಲಿಗರು. ಅವರು ಇಂಜಿನಿಯರಿಂಗ್ ಮುಗಿಸಿ ಹೋದವರು. ಅಂದರೆ ಪಿಯುಸಿ ಹೊತ್ತಿಗೆ ಆಗಲಿಲ್ಲ ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಡಿಗ್ರಿ ಆದ ಮೇಲೆ ವಾಯುಪಡೆಯೇ ನಡೆಸುವ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ವಯಸ್ಸು 20ರಿಂದ 24, ಪಿಯುಸಿಯ ಫಿಸಿಕ್ಸ್-ಗಣಿತದಲ್ಲಿ ತಲಾ ಶೇ. 50, ಡಿಗ್ರಿಯಲ್ಲಿ ಶೇ. 60 ಬೇಕು. ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆ ಇದೆ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಸಿ ಸರ್ಟಿಫಿಕೇಟ್ ಇದ್ದವರಿಗೆ ಲಿಖಿತ ಪರೀಕ್ಷೆ ಇಲ್ಲದ ದಾರಿಯೂ ಇದೆ. ಡಿಗ್ರಿ ಕಾಲೇಜು ಆರಿಸುವಾಗ ಅಲ್ಲಿ ಏರ್ ವಿಂಗ್ ಇದೆಯಾ ಅಂತ ಕೇಳಿ.

ಮಗು ಇನ್ನೂ ಐದನೇ ಕ್ಲಾಸಿನಲ್ಲಿದ್ದರೆ ಸೈನಿಕ ಶಾಲೆ ನೋಡಿ. ಆರನೇ ಮತ್ತು ಒಂಬತ್ತನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ನಮಗೆ ಹತ್ತಿರದ್ದು ಕೊಡಗಿನ ಕೂಡಿಗೆಯದು. ಅರಕಲಗೂಡು, ಕೊಣನೂರು ದಾಟಿದರೆ ಬಂತು. ಹಳೆಯದು ವಿಜಯಪುರದ್ದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅಲ್ಲೇ ಓದಿ ಎನ್‌ಡಿಎಗೆ, ಅಲ್ಲಿಂದ ಭೂಸೇನೆಗೆ ಹೋದವರು. ಅವರ ವಿಮಾನ ಕಂಪನಿ ಏರ್ ಡೆಕ್ಕನ್ ಶುರುವಾದದ್ದು ಅದಾಗಿ ಎಷ್ಟೋ ವರ್ಷಕ್ಕೆ, 2003ರಲ್ಲಿ.

ಮೈಸೂರಿನ ಐದು ದಿನ

ಲಿಖಿತ ಪರೀಕ್ಷೆ ಪಾಸಾದರೆ ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡ್. ನಮ್ಮ ಪುಣ್ಯಕ್ಕೆ ಒಂದು ಬೋರ್ಡ್ ಮೈಸೂರಿನಲ್ಲೇ ಇದೆ. ಡೆಹ್ರಾಡೂನ್, ವಾರಾಣಸಿ, ಗಾಂಧಿನಗರದಲ್ಲೂ ಇವೆ. ಆಯ್ಕೆ ಕೊಟ್ಟರೆ ಮೈಸೂರು ಬರೆಯಿರಿ. ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ರೈಲಿದೆ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ, ಬೆಳಗಿನ ಜಾವ ಓಡೋಡಿ ಹೋಗಬೇಡಿ. ಟಿಕೆಟ್ ಎಸೆಯಬೇಡಿ. ಮೊದಲ ಸಲ ಬಂದವರಿಗೆ ಪ್ರಯಾಣದ ಖರ್ಚು ಕೊಡುತ್ತಾರೆ.

ಮೊದಲ ದಿನವೇ ಒಂದು ಜರಡಿ. ಬುದ್ಧಿಯ ಪ್ರಶ್ನೆಗಳು, ಆಮೇಲೆ ಮಸುಕಾದ ಒಂದು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ. ಇಲ್ಲಿ ಉಳಿಯದವರು ಅವತ್ತೇ ಮನೆಗೆ. ನಮ್ಮ ಮಕ್ಕಳು ಸೋಲುವುದು ಈ ಚರ್ಚೆಯಲ್ಲೇ. ಕಥೆ ಚೆನ್ನಾಗಿ ಬರೆದಿರುತ್ತಾರೆ, ಬಾಯಿ ಬಿಡುವುದಿಲ್ಲ. ಇಂಗ್ಲಿಷ್ ತಪ್ಪಾದೀತು ಅನ್ನುವ ಭಯ. ತಪ್ಪು ಇಂಗ್ಲಿಷ್‌ನಲ್ಲಿ ಮಾತಾಡಿದವರು ಉಳಿದಿದ್ದಾರೆ, ಸುಮ್ಮನೆ ಕೂತವರು ಉಳಿದಿಲ್ಲ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಪೇಪರಿನ ಒಂದು ಸುದ್ದಿಯನ್ನು ಜೋರಾಗಿ ಇಂಗ್ಲಿಷ್‌ನಲ್ಲಿ ಹೇಳುವ ಅಭ್ಯಾಸ ಮಾಡಿ. ನಾಲ್ಕು ತಿಂಗಳಿಗೆ ನಾಲಿಗೆ ಸಡಿಲ ಆಗುತ್ತದೆ.

ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ, ಮೈದಾನದಲ್ಲಿ ಗುಂಪು ಕೆಲಸ, ಸಂದರ್ಶನ. ಹಗ್ಗ, ಹಲಗೆ, ಡ್ರಮ್ಮು ಕೊಟ್ಟು ಅಡ್ಡಿ ದಾಟಿ ಅನ್ನುತ್ತಾರೆ. ಹಳ್ಳಿಯಲ್ಲಿ ಬೆಳೆದವರು ಇಲ್ಲಿ ಸಲೀಸಾಗಿ ಮುಂದೆ ಬರುವುದನ್ನು ನೋಡಿದ್ದೇನೆ. ಒಂದು ಮೈಲಿಯನ್ನು ಹತ್ತು ನಿಮಿಷದೊಳಗೆ ಓಡುವಷ್ಟು ದಮ್ಮು ಇದ್ದರೆ ಸಾಕು.

ಪೈಲಟ್ ಆಗಬೇಕಾದವರಿಗೆ ಕೊನೆಗೆ ಸಿಪಿಎಸ್‌ಎಸ್ ಅನ್ನುವ ಕಂಪ್ಯೂಟರ್ ಪರೀಕ್ಷೆ ಇದೆ. ಕೈಗೆ ಸ್ಟಿಕ್, ಕಾಲಿಗೆ ಪೆಡಲ್, ಕಣ್ಣಿಗೆ ಪರದೆ. ಮೂರೂ ಒಟ್ಟಿಗೆ ನಡೆಯಬೇಕು. ಇದನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ಯಾವ ದಾರಿಯಿಂದ ಬಂದರೂ ಪೈಲಟ್ ಕೆಲಸ ಸಿಗುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿ ಪೂರ್ತಿ ನಿದ್ದೆ ಮಾಡಿ. ಸೂಚನೆ ಹೇಳುವಾಗ ಒಂದು ಪದವನ್ನೂ ಬಿಡದೆ ಕೇಳಿ, ಅರ್ಥವಾಗದಿದ್ದರೆ ಶುರುವಾಗುವ ಮೊದಲೇ ಕೈ ಎತ್ತಿ. "ನೋಡೋಣ, ಟ್ರಯಲ್ ಥರ ಹೋಗಿ ಬರ್ತೀನಿ" ಅಂತ ತಯಾರಿಯಿಲ್ಲದೆ ಮೈಸೂರಿಗೆ ಹೋಗುವುದನ್ನು ನಾನು ಒಪ್ಪದಿರುವುದು ಈ ಒಂದೇ ಕಾರಣಕ್ಕೆ.

ಇದಾದ ಮೇಲೆ ಮೆಡಿಕಲ್. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ, ಇಲ್ಲವೇ ದೆಹಲಿಯಲ್ಲಿ. ಮನೆಯಲ್ಲಿ ಅಳತೆ, ಕಣ್ಣು, ಕಿವಿ ಮುಗಿಸಿದವರಿಗೆ ಇಲ್ಲಿ ಗಾಬರಿ ಕಡಿಮೆ. ಅನ್‌ಫಿಟ್ ಅಂದರೆ ಅಲ್ಲೇ ಅಳುತ್ತಾ ಹೊರಡಬೇಡಿ. ಕಾರಣ ಬರೆದ ಹಾಳೆ ಓದಿ, ಅಪೀಲು ಬೋರ್ಡಿಗೆ ಹೋಗುವ ದಿನಾಂಕ ಬರೆದುಕೊಳ್ಳಿ. ಸರಿಪಡಿಸಬಹುದಾದ ತೊಂದರೆಗಳು ಅಪೀಲಿನಲ್ಲಿ ಪಾಸಾಗಿವೆ.

ಆ ಪ್ಯಾಂಟಿನ ತೂಕ

ಯಲಹಂಕದ ಏರೋ ಇಂಡಿಯಾಕ್ಕೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರೂ ಆಕಾಶ ನೋಡುತ್ತಿದ್ದರು. ನಾನು ಒಂದು ಮಳಿಗೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದ, ಫೈಟರ್ ಪೈಲಟ್‌ಗಳು ತೊಡುವ ಜಿ-ಸೂಟ್ ಹತ್ತಿರ ನಿಂತುಬಿಟ್ಟೆ. ಕೇಳಿ ಕೈಗೆ ತೆಗೆದುಕೊಂಡೆ. ಹಸಿರು ಬಣ್ಣದ ದಪ್ಪ ಬಟ್ಟೆ. ಪ್ಯಾಂಟಿನ ಆಕಾರ, ಆದರೆ ಮಂಡಿಯ ಹತ್ತಿರ ಮತ್ತು ಹಿಂಭಾಗ ಖಾಲಿ. ಕಾಲಿನ ಒಳಬದಿಗೆ ಉದ್ದಕ್ಕೂ ಜಿಪ್, ಪಕ್ಕದಲ್ಲಿ ಶೂ ಲೇಸಿನಂತೆ ದಾರ, ಒಬ್ಬೊಬ್ಬರ ಮೈಗೆ ಬಿಗಿ ಮಾಡಲು. ಒತ್ತಿದರೆ ಒಳಗೆ ರಬ್ಬರ್ ಚೀಲ ಸಿಗುತ್ತದೆ. ಹೊಟ್ಟೆಗೆ ಒಂದು, ತೊಡೆಗೆ ಎರಡು, ಮೀನಖಂಡಕ್ಕೆ ಎರಡು. ಎಡ ಸೊಂಟದಿಂದ ಒಂದು ಕೊಳವೆ ಇಳಿಬಿದ್ದಿತ್ತು. ವಿಮಾನದೊಳಗೆ ಅದನ್ನು ಸಿಕ್ಕಿಸಿಕೊಳ್ಳಬೇಕು.

ಮಕ್ಕಳಿಗೆ ಅಲ್ಲೇ ಲೆಕ್ಕ ಹೇಳಿದೆ. 60 ಕೆಜಿಯ ಹುಡುಗ ವಿಮಾನವನ್ನು ಜೋರಾಗಿ ತಿರುಗಿಸಿ 5 ಜಿ, ಅಂದರೆ ಭೂಮಿಯ ಸೆಳೆತದ ಐದು ಪಟ್ಟು, ಎಳೆದರೆ ಅವನ ಮೈ 300 ಕೆಜಿ ಭಾರ ಆಗುತ್ತದೆ. 50 ಕೆಜಿಯ ಆರು ಕಾಫಿ ಮೂಟೆ. ತಲೆ, ಹೆಲ್ಮೆಟ್ ಸೇರಿ ಸುಮಾರು 6 ಕೆಜಿ ಅಂದುಕೊಂಡರೂ 9 ಜಿಯಲ್ಲಿ ಕತ್ತು 54 ಕೆಜಿ ಹೊರಬೇಕು. ರಕ್ತವೂ ಅಷ್ಟೇ ಭಾರವಾಗಿ ಕಾಲಿಗೆ ಇಳಿಯುತ್ತದೆ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಕೊಳವೆಯೊಳಗಿಂದ ನೋಡಿದಂತೆ ನೋಟ ಕಿರಿದಾಗುತ್ತದೆ, ಆಮೇಲೆ ಕತ್ತಲು, ಆಮೇಲೆ ಎಚ್ಚರವೇ ತಪ್ಪುತ್ತದೆ. ಜಿ ಏರಿದ ಕ್ಷಣ ಆ ಚೀಲಗಳಿಗೆ ಗಾಳಿ ನುಗ್ಗಿ ಕಾಲು, ಹೊಟ್ಟೆಯನ್ನು ಹಿಂಡುತ್ತದೆ. ರಕ್ತ ಕೆಳಗೆ ಇಳಿಯದಂತೆ ತಡೆಯುತ್ತದೆ.

ಆದರೆ ಸೂಟು ಕೊಡುವ ಸಹಾಯ ಒಂದು, ಒಂದೂವರೆ ಜಿ ಮಾತ್ರ. ಉಳಿದದ್ದನ್ನು ಪೈಲಟ್ ತನ್ನ ಮೈಯಿಂದಲೇ ತರಬೇಕು. ತೊಡೆ, ಮೀನಖಂಡ, ಹೊಟ್ಟೆ ಬಿಗಿ ಹಿಡಿದು, ಎದೆಯಲ್ಲಿ ಉಸಿರು ತಡೆದು, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರು ಬದಲಿಸುವುದು. ಬೆಂಗಳೂರಿನ ಅದೇ ಇನ್‌ಸ್ಟಿಟ್ಯೂಟಿನಲ್ಲಿ ಪೈಲಟ್‌ಗಳನ್ನು ದೊಡ್ಡ ತೋಳಿನ ತುದಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿ ಇದನ್ನು ಕಲಿಸುವ ಯಂತ್ರ ಇದೆ. ಹಾಗಾಗಿ ಫೈಟರ್ ಆಸೆ ಇದ್ದವರು ಓಟದ ಜೊತೆ ಬಸ್ಕಿಯನ್ನೂ ಹೊಡೆಯಿರಿ. ಕಾಲು, ಹೊಟ್ಟೆ, ಕತ್ತು ಮೂರಕ್ಕೂ ಬಲ ಬೇಕು. ಕತ್ತಿನ ವ್ಯಾಯಾಮವನ್ನು ಮಾತ್ರ ತಿಳಿದವರಿಂದ ಕಲಿತು ಮಾಡಿ.

ಮಾಸ್ಕಿನ ಬಗ್ಗೆಯೂ ಒಂದು ಮಾತು. ಅದರಲ್ಲಿ ಆಮ್ಲಜನಕದ ಜೊತೆ ಮೈಕೂ ಇರುತ್ತದೆ. ಮೂಗಿನ ಪಕ್ಕ ಸ್ವಲ್ಪ ಸಡಿಲವಾದರೂ ಗಾಳಿ ಸೋರುತ್ತದೆ. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದರೆ ಉಸಿರು ಕಟ್ಟಿದಂತೆ ಅನ್ನಿಸುವುದಿಲ್ಲ, ಅದೇ ಅಪಾಯ. ಮನಸ್ಸಿಗೆ ಹಾಯಾಗಿರುತ್ತದೆ. ಇದನ್ನು ತೋರಿಸಿಕೊಡಲು ಪೈಲಟ್‌ಗಳನ್ನು ಗಾಳಿ ತೆಳುವಾಗಿಸಿದ ಕೋಣೆಯಲ್ಲಿ ಕೂರಿಸಿ, ಮಾಸ್ಕ್ ತೆಗೆಸಿ, ಹಾಳೆಯ ಮೇಲೆ ಕಳೆಯುವ ಲೆಕ್ಕ ಮಾಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅಕ್ಷರ ಡೊಂಕಾಗುತ್ತದೆ, ಲೆಕ್ಕ ತಪ್ಪುತ್ತದೆ. ಬರೆಯುವವನಿಗೆ ಎಲ್ಲ ಸರಿಯಾಗಿದೆ ಅಂತಲೇ ಅನ್ನಿಸುತ್ತಿರುತ್ತದೆ. ಇಂಥ ಮಾಸ್ಕು, ಆಮ್ಲಜನಕದ ವ್ಯವಸ್ಥೆಗಳ ಮೇಲೆ ಕೆಲಸ ಮಾಡುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ ಇರುವುದೂ ಬೆಂಗಳೂರಿನಲ್ಲೇ.

ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಕಾಯಲು ಆಗದಿದ್ದರೆ ಎಚ್ಎಎಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಮಾರುತ್, ಕಿರಣ್ ವಿಮಾನಗಳನ್ನು ಹತ್ತಿರದಿಂದ ನೋಡಬಹುದು.

ಸೇರಿದ ಮೇಲೆ

ಎನ್‌ಡಿಎ ಆದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿ. ಡಿಗ್ರಿ ಮುಗಿಸಿದವರು ನೇರ ದುಂಡಿಗಲ್‌ಗೆ. ಅಲ್ಲಿ ಪಿಲಾಟಸ್ ಪಿಸಿ-7 ಮಾರ್ಕ್ 2 ಎಂಬ ಎರಡು ಸೀಟಿನ ವಿಮಾನದಲ್ಲಿ ಕಲಿಕೆ ಶುರು. ಅದರ ಜೊತೆಗೆ ಬೆಂಗಳೂರಿನ ಎಚ್ಎಎಲ್ ತಯಾರಿಸುವ ಎಚ್‌ಟಿಟಿ-40 ವಿಮಾನಗಳು 70 ಬರಬೇಕು ಅಂತ 2023ರಲ್ಲಿ ಒಪ್ಪಂದ ಆಗಿದೆ. ಮೊದಲ ಹಂತ ಮುಗಿದ ಮೇಲೆ ದಾರಿ ಮೂರಾಗುತ್ತದೆ. ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ, ಸಾಗಣೆ ವಿಮಾನದವರು ಯಲಹಂಕಕ್ಕೆ, ಫೈಟರ್‌ನವರು ಮುಂದೆ ಹಾಕ್ ವಿಮಾನಕ್ಕೆ. ಹಾಕ್ ಕಲಿಸುವ ದೊಡ್ಡ ನೆಲೆ ನಮ್ಮ ಬೀದರ್.

ಅಪ್ಪ-ಅಮ್ಮ ಇದನ್ನೂ ತಿಳಿದಿರಬೇಕು. ಅಲ್ಲಿಗೆ ಹೋದ ಎಲ್ಲರೂ ಪೈಲಟ್ ಆಗುವುದಿಲ್ಲ. ಹಾರಾಟ ಕೈಗೆ ಬರದವರನ್ನು ಮಧ್ಯದಲ್ಲಿ ನಿಲ್ಲಿಸುತ್ತಾರೆ. ಮಗ ಫೋನ್ ಮಾಡಿ ಹೀಗಾಯಿತು ಅಂದ ದಿನ ಊರಿನವರಿಗೆ ಏನು ಹೇಳೋದು ಅಂತ ಅವನನ್ನೇ ಕೇಳಬೇಡಿ. ವಾಯುಪಡೆಯಲ್ಲಿ ನೆಲದ ಮೇಲಿನ ಶಾಖೆಗಳೂ ಇವೆ. ಅವುಗಳಲ್ಲಿ ಕೆಲವಕ್ಕೆ ಕಣ್ಣು, ಬಣ್ಣದ ನಿಯಮ ಪೈಲಟ್‌ನಷ್ಟು ಬಿಗಿಯಿಲ್ಲ.

ಆ ಸಕಲೇಶಪುರದ ಹುಡುಗ ಈಗ ಡಿಗ್ರಿ ಮುಗಿಸಿ ಮನೆಯ ತೋಟ ನೋಡಿಕೊಳ್ಳುತ್ತಿದ್ದಾನೆ. ಹೋದ ತಿಂಗಳು ತಂಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅವಳಿಗೆ ಹದಿನೈದು. ಟೇಪು ಅವನೇ ಹಿಡಿದ. ತೊಡೆ 55, ಕಾಲು 101, ಕೂತ ಎತ್ತರ 83. ನಾನು ತಂದಿಟ್ಟುಕೊಂಡಿರುವ ಇಷಿಹಾರಾ ಪುಸ್ತಕವನ್ನು ಅವಳು ಒಂದೂ ಪುಟ ತಡವರಿಸದೆ ಓದಿದಳು. ಅಣ್ಣ ಪಕ್ಕದಲ್ಲಿ ನಿಂತು, ಕಾಣದ ಅಂಕಿಗಳನ್ನು ಅವಳ ಬಾಯಿಂದ ಕೇಳುತ್ತಿದ್ದ. ನಿಂತ ಎತ್ತರ 161. ಒಂದೂವರೆ ಸೆಂಟಿಮೀಟರ್ ಬೇಕು. ಗೋಡೆಗೆ ಗೆರೆ ಹಾಕಿ, ದಿನಾಂಕ ಬರೆದು, ಆರು ತಿಂಗಳಿಗೆ ಮತ್ತೆ ಬಾ ಅಂದಿದ್ದೇನೆ.